ಕೊಳದ ನೀರು ತಿಳಿಯಾಗುವವರೆಗೆ

“ಗುರುಗಳೇ, ದಿನಕ್ಕೆ ಎಷ್ಟು ಹೊತ್ತು ಜಪಕ್ಕೆ ಕೂತರೆ ಮನಸ್ಸು ತಿಳಿಯಾಗುತ್ತದೆ?” ಎಂದು ಶಿಷ್ಯ ಚನ್ನವೀರ ಕೇಳಿದ. ಮೊದಲು ಬೆಳಿಗ್ಗೆ ಮಾತ್ರ ಕೂರುತ್ತಿದ್ದವನು ಈಗ ಸಂಜೆಯೂ ಕೂರುತ್ತಿದ್ದ, ಮಧ್ಯಾಹ್ನವೂ ಕೂರುತ್ತಿದ್ದ. ಆದರೂ ಏನೋ ಕೊಳೆ ಉಳಿದಿದೆ ಎಂಬ ಭಯ ಅವನನ್ನು ಬಿಟ್ಟಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವರ್ತಕನಿದ್ದ. ಅವನ ಹೆಂಡತಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಗಿದ ಮೇಲೆ ಅವಳನ್ನು ದಿನವೂ ನೀರಿನಲ್ಲಿ ನಡೆಸಬೇಕು, ತಡಮಾಡಿದರೆ ಕೀಲು ಬಿಗಿದುಹೋಗುತ್ತದೆ ಎಂದು ವೈದ್ಯರು ಹೇಳಿದರು. ಹೆಂಡತಿಯೆಂದರೆ ವರ್ತಕನಿಗೆ ಜೀವ. ಅವಳು ಆಸ್ಪತ್ರೆಯಿಂದ ಬಂದು ಹಾಸಿಗೆ ಬಿಟ್ಟೇಳುವಷ್ಟರಲ್ಲಿ ಹಿತ್ತಲಿನಲ್ಲಿ ಒಂದು ಈಜುಕೊಳವನ್ನೇ ಕಟ್ಟಿಸಿದ.

ಮೊದಲ ದಿನ ಅವಳ ಕೈ ಹಿಡಿದು ತಾನೂ ನೀರಿಗಿಳಿದ. ಅವಳು ಈ ಬದಿಯಿಂದ ಆ ಬದಿಗೆ ನಡೆದಳು. ಬಿದ್ದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು.

ಮರುದಿನ ಬೆಳಿಗ್ಗೆ ಕೊಳದ ಒಂದು ಮೂಲೆಯಲ್ಲಿ ತೆಳುವಾಗಿ ಪಾಚಿ ಕಟ್ಟಿದ್ದು ವರ್ತಕನ ಕಣ್ಣಿಗೆ ಬಿತ್ತು. ನೀರನ್ನೆಳೆದು ಮರಳಿನಲ್ಲಿ ಸೋಸಿ ಮತ್ತೆ ಕೊಳಕ್ಕೆ ಬಿಡುವ ಪಂಪು ಇತ್ತು. ಅದನ್ನು ದಿನಕ್ಕೆ ಎಷ್ಟು ಹೊತ್ತು ಓಡಿಸಬೇಕೆಂದು ಕೊಳ ಕಟ್ಟಿಸಿಕೊಟ್ಟ ಎಂಜಿನಿಯರನ್ನು ಕೇಳಿದ. ಕೊಳದ ನೀರೆಲ್ಲ ಒಂದು ಸಲ ಸೋಸಿ ಬಂದರೆ ಸಾಕು, ಅದಕ್ಕೆ ಎಂಟು ಗಂಟೆ ಹಿಡಿಯುತ್ತದೆ ಎಂದು ಅವರು ಹೇಳಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಂಗಡಿಗೆ ಬಂದ ಸ್ನೇಹಿತನೊಬ್ಬ, ಇಂಥ ಕೊಳದ ನೀರು ತಾಗಿ ಯಾರಿಗೋ ಗಾಯ ಕೀವುಗಟ್ಟಿತಂತೆ ಎಂದ. ವರ್ತಕನ ಕಣ್ಣ ಮುಂದೆ ಹೆಂಡತಿಯ ಸೊಂಟದ ಹೊಲಿಗೆ ಬಂದು ನಿಂತಿತು. ಅಂದಿನಿಂದ ಪಂಪು ಹತ್ತು ಗಂಟೆ ಓಡಿತು. ವಾರ ಕಳೆಯುವುದರೊಳಗೆ ಅದೂ ಸಾಲದೆನಿಸಿ, ಬೆಳಕು ಹರಿದಾಗ ಹಾಕಿದ ಪಂಪನ್ನು ಕತ್ತಲಾದ ಮೇಲೆ ನಿಲ್ಲಿಸತೊಡಗಿದ.

ಇನ್ನೊಂದು ಭಯವೂ ಇತ್ತು. ಪಂಪು ಓಡುವಾಗ ನೀರಿಗೆ ಕರೆಂಟು ಬಂದುಬಿಟ್ಟರೆ? ಹಾಗಾಗದಂತೆ ಎಲ್ಲ ಏರ್ಪಾಟೂ ಇದೆ ಎಂದು ಎಂಜಿನಿಯರು ಹೇಳಿದ್ದರು. ವರ್ತಕ ತಲೆಯಾಡಿಸಿದ್ದ, ನಂಬಿರಲಿಲ್ಲ. ಪಂಪು ಓಡುತ್ತಿರುವಾಗ ಹೆಂಡತಿ ನೀರಿಗಿಳಿಯಕೂಡದು ಎಂದ. ಪಂಪು ನಿಂತ ಮೇಲೆ ಕತ್ತಲು. ಕತ್ತಲಲ್ಲಿ ಜಾರಿದರೆ? ಆಗಲೂ ಬೇಡವೆಂದ.

ಅವಳು ದಿನವೂ ಕೋಲೂರಿಕೊಂಡು ಬಂದು ಕೊಳದ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ನೀರು ಕನ್ನಡಿಯಂತಿತ್ತು. ವರ್ತಕ ಮಾತ್ರ ಬಗ್ಗಿ ಬಗ್ಗಿ ಕೊಳೆ ಹುಡುಕುತ್ತಿದ್ದ. ಅಂಗಡಿಯಲ್ಲಿ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಪಂಪಿನ ಸದ್ದು ಕೇಳುತ್ತಿದೆಯೇ ಎಂದು ಮನೆಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದ. ಮನೆಯಲ್ಲಿದ್ದಾಗ ಆ ಸದ್ದು ಚೂರು ಬದಲಾದರೂ ಎದ್ದು ಹಿತ್ತಲಿಗೆ ಓಡುತ್ತಿದ್ದ.

ಒಂದು ದಿನ ಅವಳು, “ನೀರು ಚೆನ್ನಾಗಿದೆಯಲ್ಲ, ಇಳಿಯಲೇ?” ಎಂದು ಕೇಳಿದಳು.

“ಇವತ್ತೊಂದು ದಿನ ಓಡಲಿ, ನಾಳೆ ಇಳಿಯುವೆಯಂತೆ. ನಿನಗೆ ಏನಾದರೂ ಆದರೆ ನಾನು ತಡೆಯಲಾರೆ.”

“ಆಗುತ್ತಲೇ ಇದೆಯಲ್ಲ,” ಎಂದಳು ಅವಳು.

ಆ ಮಾತು ಅವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಪಂಪು ಓಡುತ್ತಲೇ ಇತ್ತು.

ಮಳೆಗಾಲ ಮುಗಿದ ಮೇಲೆ ವೈದ್ಯರ ಬಳಿಗೆ ಹೋದರು. ವೈದ್ಯರು ಅವಳ ಕಾಲನ್ನು ಮಡಿಸಲು ನೋಡಿದರು. ಅದು ಅರ್ಧಕ್ಕೆ ನಿಂತಿತು. ನೀರಿನಲ್ಲಿ ನಡೆಸಲಿಲ್ಲವೇ ಎಂದು ಕೇಳಿದರು. ಅವಳು ಗಂಡನ ಮುಖ ನೋಡಿದಳು. ನಮ್ಮ ಕೊಳದ ನೀರು ಬಹಳ ಶುದ್ಧವಾಗಿದೆ ಎಂದು ಹೇಳಹೊರಟ ವರ್ತಕ ಅವಳ ಕಾಲನ್ನು ನೋಡಿ ಮಾತನ್ನು ಅರ್ಧಕ್ಕೇ ಬಿಟ್ಟ. ಇನ್ನಾದರೂ ನಡೆಸಿ, ಒಂದಷ್ಟು ಸರಿಯಾದೀತು, ಕುಂಟು ಮಾತ್ರ ಪೂರ್ತಿ ಹೋಗುವುದಿಲ್ಲ ಎಂದು ವೈದ್ಯರು ಹೇಳಿದರು.

ಮನೆಗೆ ಬಂದಾಗಲೂ ಪಂಪು ಓಡುತ್ತಿತ್ತು. ವರ್ತಕ ನೇರವಾಗಿ ಹೋಗಿ ಅದನ್ನು ನಿಲ್ಲಿಸಿದ. ಹೆಂಡತಿ ಕೊಳದ ಮೆಟ್ಟಿಲಿನ ಮೇಲೆ ಕಾಲಿಡಲು ನೋಡಿದಳು, ಕಾಲು ಬಗ್ಗಲಿಲ್ಲ. ಅವನು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಅವಳನ್ನು ಎತ್ತಿ ಇಳಿಸಿಕೊಂಡ. ಇಬ್ಬರೂ ಆ ಬದಿ ಮುಟ್ಟುವಷ್ಟರಲ್ಲಿ ಬಿಸಿಲು ಹಿತ್ತಲ ಗೋಡೆ ದಾಟಿ ಹೋಗಿತ್ತು. ಅಂದಿನಿಂದ ಅವನು ಪಂಪು ಓಡುವ ಹೊತ್ತನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿದ. ಅವಳು ದಿನವೂ ನೀರಿನಲ್ಲಿ ನಡೆದಳು. ಕಾಲು ಒಂದಷ್ಟು ಬಗ್ಗಿತು. ಕುಂಟು ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಆತಂಕ ಹಾಗೇ ಇತ್ತು. ಪಂಪಿಗೆ ಎಂಟು ಗಂಟೆಯೆಂದು ಲೆಕ್ಕ ಸಿಕ್ಕಿತು, ಮನಸ್ಸಿಗೆ ಎಷ್ಟು ಹೊತ್ತು ಸಾಕೆಂದು ತಿಳಿಯುವುದು ಹೇಗೆ ಎಂದು ಮತ್ತೆ ಕೇಳಿದ.

“ಅದಿರಲಿ ಚನ್ನವೀರ, ನೀನು ಹೀಗೆ ಮೂರು ಹೊತ್ತೂ ಜಪಕ್ಕೆ ಕೂತಿರುವಾಗ ನಿನ್ನ ದಂಡೆಯಲ್ಲಿ ಕಾದು ಕೂತಿರುವವರು ಯಾರು?” ಎಂದರು ಗುರುಗಳು.