ದಂಡೆಯ ಮೇಲೆ ನಿಂತವರು

"ಗುರುಗಳೆ, ಒಬ್ಬರ ಮನಸ್ಸನ್ನು ತಿಳಿಯಬೇಕಾದರೆ ನಾನೇ ಕಂಡು ಕೇಳಿದ್ದು ದೊಡ್ಡದೋ, ಬೇರೆಯವರು ಕಂಡು ಹೇಳಿದ್ದು ದೊಡ್ಡದೋ?"

ಹೀಗೆ ಕೇಳಿದವಳು ದಾಕ್ಷಾಯಿಣಿ. ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗುರುಗಳು ಅದೇ ಶಾಸ್ತ್ರವನ್ನು ಬಹಳ ಕಾಲ ಕಲಿಸಿದವರು. ಸಂಜೆಯ ಹೊತ್ತು ಅವರ ಮನೆಯ ಕಟ್ಟೆಯ ಮೇಲೆ ಶಿಷ್ಯರು ಬಂದು ಕೂರುವ ರೂಢಿ ಇತ್ತು.

"ಪುಸ್ತಕದಲ್ಲಿ ಏನು ಬರೆದಿದೆ?" ಎಂದು ಗುರುಗಳು ಕೇಳಿದರು.

"ನಾವೇ ಸಂಗ್ರಹಿಸಿದ್ದು ಪ್ರಾಥಮಿಕ ದತ್ತಾಂಶ. ಇನ್ನೊಬ್ಬರು ಇನ್ನಾವುದೋ ಉದ್ದೇಶಕ್ಕೆ ಸಂಗ್ರಹಿಸಿಟ್ಟದ್ದು ದ್ವಿತೀಯಕ ದತ್ತಾಂಶ ಎಂದಿದೆ."

"ಅಷ್ಟು ಗೊತ್ತಿದ್ದ ಮೇಲೆ ನನ್ನ ತಲೆ ಯಾಕೆ ತಿನ್ನುತ್ತೀ?"

"ಎರಡೂ ಒಂದಕ್ಕೊಂದು ಕೂಡುತ್ತಿಲ್ಲ ಗುರುಗಳೆ" ಎಂದು ದಾಕ್ಷಾಯಿಣಿ ತನ್ನ ಕಷ್ಟ ಹೇಳಿಕೊಂಡಳು.

ಒಂದು ಟ್ರಸ್ಟಿನವರು ಹೆಣ್ಣುಮಕ್ಕಳ ವಸತಿನಿಲಯ ನಡೆಸುತ್ತಿದ್ದರು. ಅಲ್ಲಿಯ ಮಕ್ಕಳ ಮನಸ್ಸು ಹೇಗಿದೆ ಎಂದು ನೋಡಿ ವರದಿ ಕೊಡುವ ಕೆಲಸ ಅವಳಿಗೆ ಬಂದಿತ್ತು. ವರದಿ ಚೆನ್ನಾಗಿ ಬಂದರೆ ಮುಂದಿನ ವರ್ಷದಿಂದ ಇನ್ನೂ ಚಿಕ್ಕವರನ್ನು, ಆರೇಳು ವರ್ಷದ ಮಕ್ಕಳನ್ನೂ, ಸೇರಿಸಿಕೊಳ್ಳುವ ಯೋಚನೆ ಟ್ರಸ್ಟಿನದು. ದಾಕ್ಷಾಯಿಣಿ ಹೋದಳು. ವಾರ್ಡನ್ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು, ತಮ್ಮ ಕುರ್ಚಿಯಲ್ಲೇ ಕೂರಿಸಿದರು, ಚಹಾ ಕಳಿಸಿದರು, ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಸುಖವಾಗಿದ್ದೇವೆ ಎಂದರು. ಒಬ್ಬಳು ಮಾತ್ರ ಉತ್ತರ ಹೇಳಿದ ಮೇಲೂ ಹೋಗದೆ ನಿಂತೇ ಇದ್ದಳು. ಇನ್ನೇನಾದರೂ ಹೇಳುವುದಿದೆಯಾ ಎಂದರೆ ಇಲ್ಲ ಎಂದು ತಲೆಯಾಡಿಸಿ ಹೋದಳು.

ಆದರೆ ಹಿಂದಿನ ವರ್ಷ ರಕ್ತ ಪರೀಕ್ಷೆಗೆಂದು ಅಲ್ಲಿಗೆ ಬಂದು ಕೆಲವು ದಿನ ಉಳಿದಿದ್ದ ನರ್ಸ್ ಒಬ್ಬರು ತಮ್ಮ ವರದಿಯಲ್ಲಿ ಬೇರೆ ಮಾತು ಬರೆದಿದ್ದರು. ಈ ಮಕ್ಕಳು ರಾತ್ರಿ ಊಟ ಅರ್ಧಕ್ಕೆ ಬಿಡುತ್ತಾರೆ, ಮನೆಯವರು ನೋಡಲು ಬಂದ ದಿನ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಾರೆ ಎಂದು.

"ಆ ನರ್ಸ್ ನೋಡಲು ಬಂದದ್ದು ರಕ್ತವನ್ನು, ಮನಸ್ಸನ್ನಲ್ಲ. ಅದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ. ನಾಳೆ ವರದಿ ಕೊಡಬೇಕು. ಆದರೂ ಯಾಕೋ ಮನಸ್ಸು ಒಪ್ಪುತ್ತಿಲ್ಲ" ಎಂದಳು.

ಗುರುಗಳು ಕಾಲು ಮಡಚಿ ಕೂತು ಒಂದು ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಆಚೆ ದಂಡೆಗೆ ಹೋಗಬೇಕಾದರೆ ಹರಿಗೋಲು ಬಿಟ್ಟು ಬೇರೆ ದಾರಿಯಿಲ್ಲ. ಹರಿಗೋಲು ನಡೆಸುತ್ತಿದ್ದ ಅಂಬಿಗ ಮುದುಕನಾದ. ಕಣ್ಣು ಮಂಜಾದವು, ಹುಟ್ಟು ಕೆಳಗಿಟ್ಟ. ಅವನ ಜಾಗಕ್ಕೆ ಒಬ್ಬನನ್ನು ಊರಿನ ಗೌಡ ಹುಡುಕತೊಡಗಿದ.

ಒಬ್ಬ ಬಂದ. ಅಂಬಿಗರ ಮನೆಯವನೇ. ಕೆಲಸ ಬಲ್ಲವನು. ಆದರೆ ಹೊಟ್ಟೆಪಾಡಿಗೆಂದು ಕೆಲವು ವರ್ಷ ಒಬ್ಬ ದನದ ವ್ಯಾಪಾರಿಯ ಹತ್ತಿರ ಸಂತೆಗೆ ದನ ಹೊಡೆಯುವ ಕೆಲಸ ಮಾಡಿಕೊಂಡಿದ್ದ. ಗೌಡ ಆ ವ್ಯಾಪಾರಿಯನ್ನು ವಿಚಾರಿಸಿದ.

"ಪುಕ್ಕಲು ಮನಿಷ್ಯಾರೀ ಅವ" ಎಂದ ವ್ಯಾಪಾರಿ. "ಗುಡ್ಡದ ಮ್ಯಾಲ ಒಂಚೂರು ಮೋಡ ಕಂಡ್ರ ಸಾಕು, ಹಳ್ಳಕ್ಕ ದನ ಇಳಸಾಂವಲ್ಲ. ಅವನ ಸಲುವಾಗಿ ನನಗ ಎಷ್ಟು ಸಂತಿ ತಪ್ಪ್ಯಾವು."

ಗೌಡನಿಗೆ ಅಷ್ಟು ಸಾಕಾಯಿತು. ಹೆದರುವವನ ಕೈಗೆ ಹರಿಗೋಲು ಕೊಡುವುದುಂಟೇ? ಬೇಡ ಎಂದುಬಿಟ್ಟ.

ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದ. ಆದರೆ ಅವನು ಕಂಡದ್ದು ಸಂತೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವವನು ಯಾರು ಎಂಬ ಕಣ್ಣಿನಿಂದ. ಗೌಡನಿಗೆ ಬೇಕಾದದ್ದು ಜನರನ್ನು ಜೀವಸಹಿತ ಆಚೆ ಮುಟ್ಟಿಸುವವನು ಯಾರು ಎಂಬುದು. ಒಂದು ಪ್ರಶ್ನೆಯ ಉತ್ತರವನ್ನು ತಂದು ಇನ್ನೊಂದು ಪ್ರಶ್ನೆಗೆ ಅಂಟಿಸಿದ. ದೊಡ್ಡ ದೊಡ್ಡ ಪಂಡಿತರೇ ಇದನ್ನು ಮಾಡುತ್ತಾರೆ. ಪಾಪ, ಗೌಡನನ್ನು ಬೈದು ಪ್ರಯೋಜನವಿಲ್ಲ.

ಆ ಮನುಷ್ಯ ಮನೆಗೆ ಹೋಗಲಿಲ್ಲ. ಈ ಕೆಲಸ ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಾಗಿತ್ತು. ಗೌಡನ ಮನೆಯ ಮುಂದೆ ಕೂತ. "ನೀವ ಕಣ್ಣಾರೆ ನೋಡ್ರಿ ಗೌಡ್ರ. ಆಮ್ಯಾಲ ಬೇಕಾದ್ರ ಬ್ಯಾಡ ಅನ್ರಿ" ಎಂದ.

ಈ ಮಾತು ಗೌಡನಿಗೆ ಹಿಡಿಸಿತು. ಅವರಿವರ ಮಾತು ಯಾಕೆ, ನಾನೇ ನೋಡುತ್ತೇನೆ ಎಂದು ಹೊಳೆಗೆ ಬಂದ. ಊರಿನ ಹಿರಿಯರೂ ಬಂದರು. ಅವತ್ತು ನೀರು ಏರಿತ್ತು, ಗಾಳಿಯೂ ಬೀಸುತ್ತಿತ್ತು. ಎಲ್ಲರೂ ದಂಡೆಯ ಮೇಲೆ ಸಾಲಾಗಿ ನಿಂತರು. ಆ ಮನುಷ್ಯ ನೀರನ್ನೊಮ್ಮೆ ನೋಡಿದ, ಗೌಡನನ್ನೊಮ್ಮೆ ನೋಡಿದ, ಹುಟ್ಟು ತೆಗೆದುಕೊಂಡು ಹೊರಟೇಬಿಟ್ಟ. ನಡುನೀರಿನಲ್ಲಿ ಹರಿಗೋಲು ಬುಗುರಿಯ ಹಾಗೆ ತಿರುಗಿತು. ಹೇಗೋ ಹೋಗಿ ಹೇಗೋ ಬಂದ. ಹಿರಿಯರು ಭೇಷ್ ಎಂದರು. ವ್ಯಾಪಾರಿ ಹೊಟ್ಟೆಕಿಚ್ಚಿಗೆ ಹೇಳಿದ್ದಾನೆ, ಇವನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂದು ಗೌಡ ಅವನಿಗೆ ಕೆಲಸ ಕೊಟ್ಟ. ಕಣ್ಣಾರೆ ಕಂಡಿದ್ದನಲ್ಲ, ಇನ್ನು ಗೌಡನ ಎದುರು ಬೇರೆ ಮಾತಾಡುವವರು ಯಾರು?

ಅಂಬಿಗನಿಗೆ ಕೆಲಸ ಸಿಕ್ಕಿತು, ಕಷ್ಟವೂ ಸಿಕ್ಕಿತು. ಹೆದರಿಕೆ ಎಂಬ ಮಾತನ್ನು ಅವನು ಇನ್ನು ಬಾಯಿಬಿಟ್ಟು ಆಡುವ ಹಾಗಿರಲಿಲ್ಲ. ನೀರು ಏರಿದ ದಿನ ಹರಿಗೋಲಿನ ತೊಗಲು ಸೋರುತ್ತಿದೆ ಎಂದು ಹೇಳಿ ಹೊಲಿಯುತ್ತ ಕೂರುತ್ತಿದ್ದ. ಅದನ್ನು ನೋಡಿ ನೋಡಿ ಗೌಡ ಪ್ರೀತಿಯಿಂದ ಹೊಸ ತೊಗಲು ಹಾಕಿಸಿಕೊಟ್ಟ. ಆ ನೆಪವೂ ಹೋಯಿತು.

ಮತ್ತೆ ಮಳೆಗಾಲ ಬಂತು. ಗೌಡನ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳು. ಗಂಡನ ಮನೆ ಇದ್ದದ್ದು ಆಚೆ ದಂಡೆಯ ಕಡೆ. ಒಳ್ಳೆಯ ದಿನ ನೋಡಿಸಿದ್ದರು. ಬೀಗರು ಆಚೆ ಬಂಡಿ ಕಟ್ಟಿಕೊಂಡು ಕಾಯುತ್ತಿದ್ದರು. ಮಗಳು ಕೂಸನ್ನು ಎತ್ತಿಕೊಂಡು ಹರಿಗೋಲಿನಲ್ಲಿ ಕೂತಳು. ಅಂಬಿಗ ಹುಟ್ಟು ಮುಟ್ಟಲಿಲ್ಲ.

"ಇವತ್ತ ಬ್ಯಾಡ್ರಿ ಗೌಡ್ರ. ಮ್ಯಾಲ ಎಲ್ಲೋ ಮಳಿ ಆಗೈತಿ, ನೀರು ಕೆಂಪಗ ಬರಾಕತ್ತೈತಿ" ಎಂದ.

ಬೀಗರ ಎದುರು ಗೌಡನಿಗೆ ಅವಮಾನವಾದಂತಾಯಿತು. "ಇದಕ್ಕಿಂತ ದೊಡ್ಡ ನೀರಾಗ ನೀ ದಾಟಿದ್ದನ್ನ ನಾನ ನೋಡೇನಿ. ನನ್ನ ಮುಂದ ಆಟ ಹೂಡ್ತೀಯೇನು? ನಡಸ್ತೀಯೋ, ಹುಟ್ಟು ಇಟ್ಟು ಮನಿಗೆ ಹೋಗ್ತೀಯೋ?" ಎಂದು ಗುಡುಗಿದ.

ದಂಡೆಯ ಮೇಲೆ ಜನ ಸೇರಿದ್ದರು. ಅಂಬಿಗ ಜನರನ್ನು ನೋಡಿದ. ಅವನ ಕೈ ಹುಟ್ಟಿನ ಕಡೆ ಹೋಯಿತು.

ಆಗ ಕೂಸನ್ನು ಹಿಡಿದು ಕೂತಿದ್ದ ಗೌಡನ ಮಗಳು ಮೆಲ್ಲಗೆ ಕೇಳಿದಳು. "ಅಣ್ಣಾ, ಅವತ್ತ ದಾಟುಮುಂದ ನಿನಗ ಹೆದರಿಕಿ ಆಗಿತ್ತೋ ಇಲ್ಲೋ?"

ಅಲ್ಲಿಯವರೆಗೆ ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅಂಬಿಗ ಬಗ್ಗಿ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ. "ಕೈಕಾಲು ನಡಗತಿದ್ವು ಅಕ್ಕಾರ. ಆದ್ರ ದಂಡಿ ಮ್ಯಾಲ ಗೌಡ್ರು ನಿಂತಿದ್ರು. ನಾ ಹೊಳಿ ನೋಡಿ ದಾಟಲಿಲ್ಲ. ಗೌಡ್ರನ್ನ ನೋಡಿ ದಾಟಿದೆ."

ಮಗಳು ಕೂಸನ್ನು ಎದೆಗೆ ಅವಚಿಕೊಂಡು ಹರಿಗೋಲಿನಿಂದ ಇಳಿದಳು. ಅಪ್ಪ ಕೂಗಾಡಿದ. ಅವಳು ತಿರುಗಿ ನೋಡದೆ ದಂಡೆ ಹತ್ತಿ ಮನೆಗೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಹೊಳೆ ತುಂಬಿ ಬಂತೇ?" ಎಂದಳು ದಾಕ್ಷಾಯಿಣಿ.

"ಬಂತು. ಬೀಗರ ಬಂಡಿ ತಮ್ಮೂರು ಮುಟ್ಟುವ ಮೊದಲೇ ಬಂತು. ಬಾರದೆ ಇದ್ದಿದ್ದರೂ ಅವಳು ಇಳಿದದ್ದು ಸರಿಯೇ."

ದಾಕ್ಷಾಯಿಣಿ ತಾನು ತಿಳಿದದ್ದನ್ನು ಹೇಳಿದಳು. "ನರ್ಸ್ ಬರೆದದ್ದನ್ನು ಬಿಡಬಾರದು, ಯಾವ ಪ್ರಶ್ನೆಗೆ ಬರೆದ ಉತ್ತರ ಅದು ಎಂದು ನೋಡಿ ಇಟ್ಟುಕೊಳ್ಳಬೇಕು. ಇಷ್ಟು ತಿಳಿಯಿತು. ಆದರೆ ನಾನು ಕೇಳುವಾಗ ದಂಡೆಯ ಮೇಲೆ ಯಾರೂ ಇರಲಿಲ್ಲವಲ್ಲ ಗುರುಗಳೆ? ವಾರ್ಡನ್ ಹೊರಗೆ ಹೋಗಿದ್ದರು, ಬಾಗಿಲು ಹಾಕಿತ್ತು. ಕೋಣೆಯಲ್ಲಿ ನಾನು ಮತ್ತು ಹುಡುಗಿ, ಇಬ್ಬರೇ."

ಗುರುಗಳು ಅವಳ ಮುಖ ನೋಡಿದರು.

"ನೀನು ಕೂತದ್ದು ಯಾರ ಕುರ್ಚಿಯಲ್ಲಿ?"