ಆರು ದನಿ, ಎರಡು ಬಾಗಿಲು

ಇದು ನಡೆದದ್ದು ಹೋದ ವರ್ಷ ಆಷಾಢದಲ್ಲಿ. ಸೋಮವಾರ ಶುರುವಾಯಿತು, ಶನಿವಾರ ಮಧ್ಯಾಹ್ನ ಮುಗಿಯಿತು.

ಊರು ಯಾವುದು ಅಂತ ಕೇಳಬೇಡಿ. ಒಂದಾನೊಂದು ಊರು, ಅಷ್ಟೇ. ಎರಡನೆಯದು ನನಗೆ ಗೊತ್ತಿಲ್ಲ. ಆ ಊರಿಗೆ ಕೆಂಚನಾಯಕ ಅಂತ ಒಬ್ಬ ಅರಸ. ಅರಮನೆಯ ಅಟ್ಟದ ಮೇಲೆ ಅವನದೊಂದು ಕರಿ ಪೆಟ್ಟಿಗೆ. ಅದಕ್ಕೆ ಸರ್ವರ್ ಅಂತ ಹೆಸರು. ಅದರ ತುಂಬ ಸಿನಿಮಾ. ಕೆಳಗೆ ನಡುಮನೆಯಲ್ಲಿ ಒಂದು ಟಿವಿ. ಅರಸ ಕೇಳಿದ ಸಿನಿಮಾವನ್ನು ಪೆಟ್ಟಿಗೆ ಮೇಲಿನಿಂದ ಕಳಿಸಬೇಕು, ಟಿವಿ ಕೆಳಗೆ ತೋರಿಸಬೇಕು. ಇಷ್ಟೇ ಏರ್ಪಾಡು.

ಚಿತ್ರ ಬಂತು. ದನಿ ಬರಲಿಲ್ಲ. ಬರಲೇ ಇಲ್ಲ ಅಂತಲ್ಲ. ಇರುವೆ ಕೆಮ್ಮಿದಷ್ಟು ಬಂತು.

ಆ ಸಿನಿಮಾದಲ್ಲಿ ಒಬ್ಬ ಮಾವ ಸಾಯುತ್ತಾನೆ. ಸಾಯುವ ಮುಂಚೆ ಅಳಿಯನನ್ನು ಹತ್ತಿರ ಕರೆದು ಒಂದು ಮಾತು ಹೇಳುತ್ತಾನೆ. ಆ ಮಾತು ಅರಸನಿಗೆ ಕೇಳಿಸಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ. ನಿಂತು ನೋಡಿದ, ಕೂತು ನೋಡಿದ, ಟಿವಿಗೆ ಕಿವಿ ಅಂಟಿಸಿ ನೋಡಿದ. ಕೇಳಿಸಲಿಲ್ಲ.

"ಸೂರಪ್ಪಯ್ಯ, ಮಾವ ಏನಂದ?" ಎಂದು ಮಂತ್ರಿಯನ್ನು ಕೇಳಿದ.

"ತಿಳೀಲಿಲ್ಲ ಮಹಾಸ್ವಾಮಿ. ತುಟಿ ನೋಡಿದರೆ ಉಪ್ಪಿನಕಾಯಿ ಅಂದ ಹಾಗಿತ್ತು."

"ಸಾಯೋನು ಉಪ್ಪಿನಕಾಯಿ ಅಂತಾನೇನಯ್ಯ?"

"ಬಾಯಿ ಕೆಟ್ಟಿದ್ದರೆ ಅಂತಾರೆ, ಮಹಾಸ್ವಾಮಿ."

ಅರಸ ರಿಮೋಟ್ ಒತ್ತಿದ. ಐವತ್ತು, ಎಂಬತ್ತು, ನೂರು. "ನೂರಾಯ್ತು. ಇನ್ನು ಒತ್ತಿದರೆ ನನಗೆ ನೋವು, ನಿಮಗೆ ಲಾಭವಿಲ್ಲ" ಎಂದಿತು ರಿಮೋಟ್.

ಅರಸ ಯೋಚಿಸಿದ. ನೂರರ ಮೇಲೆ ಸಂಖ್ಯೆ ಇಲ್ಲ. ಆದ್ದರಿಂದ ದನಿ ಪೂರ್ತಿ ಇದೆ. ದನಿ ಪೂರ್ತಿ ಇದ್ದೂ ಕೇಳಿಸುತ್ತಿಲ್ಲ. ಆದ್ದರಿಂದ ಊರು ಗಲಾಟೆ ಮಾಡುತ್ತಿದೆ.

ಸೋಮವಾರ ಸಂಜೆ ಡಂಗುರ ಹೊಡೆಸಿದ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯಕೂಡದು. ಜನ ಸಾಸಿವೆಗೆ ಹೇಳಿ ನೋಡಿದರು. ಅದು ಮಾತು ಕೇಳಲಿಲ್ಲ. ಒಗ್ಗರಣೆಯನ್ನೇ ಬಿಟ್ಟರು. ಅರಸ ಸಿನಿಮಾ ಹಾಕಿದ. ಮಾವನ ಮಾತು ಕೇಳಿಸಲಿಲ್ಲ.

ಮಂಗಳವಾರ, ಕೋಳಿ ಕೂಗಕೂಡದು. ಕೋಳಿ ಕೂಗದೆ ಸೂರ್ಯನಿಗೆ ಹೊತ್ತು ತಿಳಿಯಲಿಲ್ಲ. ಗುಡ್ಡದ ಹಿಂದೆ ಮಗ್ಗುಲು ಬದಲಿಸುತ್ತ ಹೊರಳಾಡಿದ. ತಳವಾರ ಹೋಗಿ ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಅರಸ ಸಿನಿಮಾ ಹಾಕಿದ. ಮಾವನ ಮಾತು ಕೇಳಿಸಲಿಲ್ಲ.

ಬುಧವಾರ ಜನರ ಸರದಿ. ಪಿಸುಮಾತು ಒಂದನ್ನು ಇಟ್ಟುಕೊಂಡು ಮಿಕ್ಕ ದನಿಯನ್ನೆಲ್ಲ ಅರಮನೆಗೆ ಒಪ್ಪಿಸಬೇಕು. ಅಷ್ಟು ದನಿ ಇಡಲು ಜಾಗ ಎಲ್ಲಿ? ಕರಿ ಪೆಟ್ಟಿಗೆಯಲ್ಲಿ ಒಂದು ಮೂಲೆ ಖಾಲಿ ಇತ್ತು. ಅಲ್ಲಿಗೇ ತುಂಬಿದರು.

ಊರು ಸುಮ್ಮನಾಯಿತು. ಸುಮ್ಮನಾದ ಊರಿಗೆ ಕೂತಲ್ಲಿ ಕೂರಲಾಗಲಿಲ್ಲ. ಜನ ಎದ್ದರು, ಕೂತರು, ಬಾಗಿಲು ತೆಗೆದು ನೋಡಿದರು, ಹಾಕಿದರು, ಮತ್ತೆ ತೆಗೆದರು. ಸೀನು ಬಂದವರು ಮೂಗು ಹಿಡಿದುಕೊಂಡು ಊರಾಚೆ ಓಡಿದರು, ಸೀನಿ ವಾಪಸು ಬಂದರು.

ಆ ಊರಿನಲ್ಲಿ ಹೊನ್ನಾಜಮ್ಮ ಅಂತ ಸೊಪ್ಪು ಮಾರುವವಳು. ಅವಳ ಗಂಡ ಕಾಳಿಂಗಯ್ಯ ಕೆರೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದ. ಮಧ್ಯಾಹ್ನ ಹೊನ್ನಾಜಮ್ಮ ಬಾಗಿಲಲ್ಲಿ ನಿಂತು "ಇಕಾ, ಉಣ್ಣಕ್ಕೆ ಬನ್ನೀ!" ಎಂದು ಕೂಗುವಳು. ಅವನು ಬರುವನು. ಕರೆದರೆ ಬರುವವನು. ಕರೆಯದಿದ್ದರೆ ಬರುವವನಲ್ಲ. ಮದುವೆಯಾದಾಗಿನಿಂದ ಹಾಗೇ.

ಬುಧವಾರ ಕರೆ ಬರಲಿಲ್ಲ. ಕಾಳಿಂಗಯ್ಯ ಬರಲಿಲ್ಲ. ರಾತ್ರಿ ಕರೆ ಬರಲಿಲ್ಲ. ಅಲ್ಲೇ ಉಳಿದ. ಗುರುವಾರ ಬದುವಿನ ಮೇಲೆ ನಿಂತು ಊರಿನ ಕಡೆ ಎರಡು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಹಿಂದೆ ಬಂದ. ಎರಡು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಹಿಂದೆ ಬಂದ. ಬದುವಿನ ಹುಲ್ಲು ಸವೆಯಿತು.

ಹೊನ್ನಾಜಮ್ಮ ಅವನಿದ್ದಲ್ಲಿಗೇ ಹೋದಳು. "ಬನ್ನಿ, ಮುದ್ದೆ ಆರೋಯ್ತದೆ" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

"ಇದು ಹೇಳೋದು. ಕರೆಯೋದಲ್ಲ."

"ಎಲ್ಡೂ ಒಂದೇ ಅಲ್ವಾ?"

"ಒಂದು ಹೆಂಗಾಯ್ತದೆ? ಹೇಳೋಕೆ ಹತ್ರ ಬರ್ಬೇಕು. ಕರೆಯೋಕೆ ದೂರ ಇರ್ಬೇಕು. ನೀನು ಹತ್ರ ಇದ್ದೀಯ."

"ಹಂಗಾದ್ರೆ ಇಲ್ಲಿಗೇ ತರ್ತೀನಿ."

"ತಂದ್ರೆ ಅದು ಬುತ್ತಿ. ಬುತ್ತಿ ಊರು ಬಿಟ್ಟು ಹೋಗೋರಿಗೆ. ನಾನು ಎಲ್ಲಿಗೆ ಹೋಗ್ತಾ ಇದ್ದೀನಿ?"

"ಹಿಂಗೇ ನಿಂತ್ರೆ ಹೋಗೋದು ಒಂದೇ ಕಡೆ" ಎಂದಳು ಹೊನ್ನಾಜಮ್ಮ.

ಶುಕ್ರವಾರ ಅವನ ಪಂಚೆ ಸೊಂಟಕ್ಕೆ ಒಂದು ಸುತ್ತು ಹೆಚ್ಚು ಬಂತು. ಶನಿವಾರ ಬೆಳಿಗ್ಗೆ ಎರಡು ಸುತ್ತು. ಮೂರನೆಯ ಸುತ್ತಿಗೆ ಪಂಚೆ ಇರುತ್ತದೆ, ಒಳಗೆ ಗಂಡ ಇರುವುದಿಲ್ಲ. ಹೊನ್ನಾಜಮ್ಮ ಅರಮನೆಗೆ ಓಡಿದಳು.

ಅರಸ ಸಿಂಹಾಸನದ ಮೇಲಿರಲಿಲ್ಲ. ಅದರ ಸುತ್ತ ತಿರುಗುತ್ತಿದ್ದ.

"ಬುದ್ಧಿ, ನನ್ನ ದನಿ ಕೊಡಿ. ಒಂದು ಸಲ ಕರೆದು ವಾಪಸು ತಂದ್ಕೊಡ್ತೀನಿ."

"ಮಾವ ಏನಂದ ಅಂತ ನನಗೆ ಕೇಳಿಸಲಿ, ಆಗ ಕೊಡ್ತೀನಿ. ಮಧ್ಯಾಹ್ನದೊಳಗೆ ಕೇಳಿಸದಿದ್ದರೆ ಪಿಸುಮಾತೂ ಜಮಾ."

ಹೊನ್ನಾಜಮ್ಮ ರಿಮೋಟನ್ನು ಕೇಳಿದಳು. "ನಾನು ನೂರು ಅಂದೆ. ನನ್ನ ಕೆಲಸ ಮುಗೀತು" ಎಂದಿತು. ಟಿವಿಯನ್ನು ಕೇಳಿದಳು.

"ನಂದೇನಿದೆಯವ್ವ?" ಎಂದಿತು ಟಿವಿ. "ನನಗಿರೋದು ಎರಡು ಬಾಗಿಲು. ಎಡಕ್ಕೊಂದು, ಬಲಕ್ಕೊಂದು. ಬಂದ ದನೀನ ಆಚೆ ಬಿಡ್ತೀನಿ. ಅವೇ ಬಗ್ಗಿಕೊಂಡು ಬರ್ತವೆ. ಯಾಕೆ ಅಂತ ಮೇಲಿರೋನ್ನ ಕೇಳು."

ಹೊನ್ನಾಜಮ್ಮ ಏಣಿ ಹತ್ತಿದಳು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಕಿವಿ ಇಟ್ಟಳು. ಅದು ಗುಂಯ್ ಅಲ್ಲ, ಮಾತು.

"ಆರು ದಿನದಿಂದ ಹೇಳ್ತಾನೇ ಇದ್ದೀನಿ" ಎನ್ನುತ್ತಿತ್ತು ಪೆಟ್ಟಿಗೆ. "ಅರಸರು ಬಂದರು. ಕೂಗಿದರು. ಒದ್ದರು. ಇಳಿದು ಹೋದರು."

"ಈಗ ನಾನು ಬಂದಿದ್ದೀನಿ, ಹೇಳಪ್ಪ. ಬೇಗ ಹೇಳು."

"ನಾನು ಕಳಿಸೋದು ಆರು ದನಿ. ಮುಂದೆ ಎಡಕ್ಕೊಬ್ಬ, ಬಲಕ್ಕೊಬ್ಬ. ಹಿಂದೆ ಎಡಕ್ಕೊಬ್ಬ, ಬಲಕ್ಕೊಬ್ಬ. ಗುಡುಗೋನು ಒಬ್ಬ. ನಡುವಿನೋನು ಒಬ್ಬ, ಮಾತೆಲ್ಲ ಅವನ ಹತ್ರ. ಈ ಸಿನಿಮಾ ಮಾಡಿರೋದು ಆರು ಬಾಗಿಲಿನ ಮನೆಗೆ. ಇಲ್ಲಿರೋದು ಎರಡು. ಆರೂ ಜನ ಪೂರಾ ಮೈಯಲ್ಲಿ ನುಗ್ಗಿದ್ರೆ ಬಾಗಿಲು ಒಡೆಯುತ್ತೆ. ಅದಕ್ಕೆ ಕುಗ್ಗಿಕೊಂಡು ಹೋಗಿ ಅಂದಿದ್ದೀನಿ. ನಡುವಿನೋನ ಪಾಡು ಕೇಳ್ಬೇಡ. ಅವನಿಗೆ ಸ್ವಂತ ಬಾಗಿಲೇ ಇಲ್ಲ. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹರಿದುಕೊಂಡು ಹೋಗ್ತಾನೆ."

ಹೊನ್ನಾಜಮ್ಮನಿಗೆ ಅರ್ಥವಾಯಿತು. "ಆರು ಕುಕ್ಕೆ ಸೊಪ್ಪನ್ನ ಎರಡು ಕುಕ್ಕೆಗೆ ತುರುಕಿದಂಗೆ. ಮುದುಡೋಯ್ತದೆ. ನಾನಾದ್ರೆ ನೀರು ಚಿಮುಕಿಸ್ತೀನಿ, ಎದ್ದು ನಿಲ್ತದೆ. ನಿನ್ನ ಹತ್ರ ಏನೈತೆ?"

"ಒಂದು ಸಂಖ್ಯೆ ಇದೆ. ಕುಗ್ಗಿದೋರನ್ನ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನೋ ಸಂಖ್ಯೆ. ಈಗ ಅದು ಒಂದು."

"ಹತ್ತು ಮಾಡು."

"ಹತ್ತಾದ್ರೆ ಗಂಟಲು ಒಡೆದು ಗೊರಗೊರ ಅನ್ನುತ್ತೆ. ಎರಡು ಸಾಕು."

"ಎರಡು ಮಾಡು. ಅಲ್ಲೊಬ್ರು ಪಂಚೆಯೊಳಗೆ ಕರಗ್ತಾ ಅವ್ರೆ."

ಪೆಟ್ಟಿಗೆ ಸಂಖ್ಯೆ ಬದಲಿಸಿತು. ಬೇರೆ ಏನನ್ನೂ ಮುಟ್ಟಲಿಲ್ಲ.

ಕೆಳಗೆ ಅರಸ ಸಿನಿಮಾ ಹಾಕಿದ. ಮಾವ ಸಾಯತೊಡಗಿದ. ಅಳಿಯ ಬಗ್ಗಿದ. ಅರಮನೆಗೆಲ್ಲ ಕೇಳಿಸುವಂತೆ ಮಾವ ಹೇಳಿದ:

"ಅಳಿಯಂದ್ರೇ, ಆ ಕಿಟಕಿ ಹಾಕಿ. ಸೆಕೆ ಆದ್ರೂ ಆಗ್ಲಿ, ಸೊಳ್ಳೆ ಬರ್ತವೆ."

ಹೇಳಿ ಸತ್ತ.

"ಉಪ್ಪಿನಕಾಯಿ ಅಲ್ಲ, ಮಹಾಸ್ವಾಮಿ" ಎಂದ ಸೂರಪ್ಪಯ್ಯ.

ಅರಸ ಒಂದು ಕ್ಷಣ ಕೂತ. ಮರುಕ್ಷಣ ಎದ್ದ. "ಯಾವ ಕಿಟಕಿ? ಆ ಕೋಣೆಯಲ್ಲಿ ಕಿಟಕಿ ಎಲ್ಲಿದೆ? ಮೊದಲಿಂದ ಹಾಕು!"

"ಬುದ್ಧಿ, ನನ್ನ ದನಿ?"

"ಕೊಟ್ಟು ಕಳಿಸಯ್ಯ, ಎಲ್ಲರದೂ ಕೊಡು. ನನಗೆ ಕಿಟಕಿ ಹುಡುಕಬೇಕು."

ಸಾಲಿನಲ್ಲಿ ಹೊನ್ನಾಜಮ್ಮನೇ ಮೊದಲು. ಪೆಟ್ಟಿಗೆ ಅವಳ ದನಿಯನ್ನು ಹೊರಕ್ಕೆ ಬಿಟ್ಟಿತು. ಹೊರಗೆ ಹೋಗುವುದೆಲ್ಲ ಎರಡು ಪಟ್ಟು ಎಂಬುದು ಈಗ ಪೆಟ್ಟಿಗೆಯ ನಿಯಮ. ಅವಳ ದನಿಯೂ ಹಾಗೇ ಹೋಯಿತು. ಅವಳು ಅಳೆದು ನೋಡಲಿಲ್ಲ. ನುಂಗಿಕೊಂಡು ಮನೆಗೆ ಓಡಿದಳು. ಬಾಗಿಲಲ್ಲಿ ನಿಂತಳು. ಉಸಿರು ಎಳೆದಳು.

"ಇಕಾ, ಉಣ್ಣಕ್ಕೆ ಬನ್ನೀ!"

ದನಿ ಕೆರೆ ದಾಟಿತು. ಕಾಳಿಂಗಯ್ಯ ಮೂರನೆಯ ಸುತ್ತಿಗೆ ಕೈ ಹಾಕಿದ್ದ. ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದ. "ಇದು ಕರೆಯೋದು ಅಂದ್ರೆ" ಎನ್ನುತ್ತ ಕೈ ತೊಳೆದು ಕೂತ. ಹೊನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ದನಿ ಅಲ್ಲಿಗೆ ನಿಲ್ಲಲಿಲ್ಲ. ಗುಡ್ಡ ದಾಟಿತು. ಪಕ್ಕದ ಊರು, ಅದರಾಚೆಯ ಊರು ದಾಟಿತು. ಆ ಸೀಮೆಯಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರಿಲ್ಲದ ಕರೆ. ಕೇಳಿಸಿದ ಗಂಡಸರೆಲ್ಲ ತಮ್ಮನ್ನೇ ಎಂದುಕೊಂಡರು. ನೇಗಿಲು ಬಿಟ್ಟು ಬಂದರು, ಅರ್ಧ ಕ್ಷೌರ ಬಿಟ್ಟು ಬಂದರು. ಬಂದವರೆಲ್ಲ ಕೈ ತೊಳೆದು ಸಾಲಾಗಿ ಕೂತರು.

"ನಿಂಗೆ ಮದ್ವೇನೇ ಆಗಿಲ್ವಲ್ಲಪ್ಪ, ನಿನ್ನ ಯಾರು ಕರೆದ್ರು?" ಎಂದು ಹೊನ್ನಾಜಮ್ಮ ಒಬ್ಬನನ್ನು ಕೇಳಿದಳು.

"ಗೊತ್ತಿಲ್ಲ ಕಣಕ್ಕ. ಖುಷಿಯಾಯ್ತು, ಬಂದೆ."

ಹೊನ್ನಾಜಮ್ಮ ಗಂಡನ ಮುಖ ನೋಡಿದಳು.

"ಕರೆದಿದ್ದೀಯ, ಬಂದವ್ರೆ. ಬಡಿಸು" ಎಂದ ಕಾಳಿಂಗಯ್ಯ.

ನೀತಿ ಬೇಕೆನ್ನುವವರಿಗೆ ನೀತಿ: ದನಿ ಹಿಗ್ಗಿಸುವ ಮುಂಚೆ ಒಲೆಯ ಮೇಲೆ ಹಿಟ್ಟು ಹಿಗ್ಗಿಸಿ. ಬೇಡವೆನ್ನುವವರಿಗೆ ಕತೆ ಆಯಿತು, ಮೈ ಮುರಿದು ಏಳಿ. ಉಣ್ಣಲು ಕೂತವರು ನಲವತ್ತೊಂದು. ಮುದ್ದೆ ಮೂರು.