ಮಡಕೆಯಲ್ಲಿ ಬಚ್ಚಿಟ್ಟ ಪಾಲು

ಒಂದಾನೊಂದು ಕಾಲದಲ್ಲಿ ನಡೆದಾಡುವ ಒಂದು ಊರಿತ್ತಂತೆ. ಊರು ಎಲ್ಲಾದರೂ ನಡೆಯುತ್ತದೆಯೇ ಅಂತ ಕೇಳಬೇಡಿ, ನಡೆಯುತ್ತಿತ್ತು. ಇಸ್ರಾಯೇಲರ ಊರು ಅದು. ಐಗುಪ್ತ ದೇಶದಲ್ಲಿ ಮಣ್ಣು ತುಳಿದು ಇಟ್ಟಿಗೆ ಹಾಕುವ ಜೀತದಲ್ಲಿದ್ದವರನ್ನು ಅವರ ದೇವರು ಬಿಡಿಸಿ, ಕಡಲು ದಾಟಿಸಿ, ಮರಳುಗಾಡಿಗೆ ಕರೆತಂದಿದ್ದ. ಬೆನ್ನಟ್ಟಿ ಬಂದ ಐಗುಪ್ತದವರೆಲ್ಲ ನೀರುಪಾಲಾದರು. ಇವರು ಇವತ್ತು ಇಲ್ಲಿ ಗುಡಾರ ಹೊಡೆಯುವುದು, ನಾಳೆ ಕಿತ್ತುಕೊಂಡು ಮುಂದೆ ಹೋಗುವುದು.

ಬಿತ್ತುವುದಿಲ್ಲ, ಬೆಳೆಯುವುದಿಲ್ಲ, ತಿನ್ನುವುದೇನು? ಬೆಳಗಾದರೆ ಆಕಾಶದಿಂದ ಬಿಳಿ ಕಾಳು ಉದುರುತ್ತಿತ್ತಂತೆ. ಆಯಬೇಕು, ಬೀಸಬೇಕು, ರೊಟ್ಟಿ ತಟ್ಟಬೇಕು. ದೇವರದು ಒಂದೇ ಕಟ್ಟಳೆ: ಅವತ್ತಿನದು ಅವತ್ತಿಗೆ. ನಾಳೆಗೆ ಅಂತ ಎತ್ತಿಡಬಾರದು.

ಆ ಊರಲ್ಲಿ ಅಬೀಯಾ ಅಂತ ಒಬ್ಬ ವಿಧವೆ. ಅವಳ ಹಿರಿಮಗ ಐಗುಪ್ತದ ಇಟ್ಟಿಗೆ ಕೆಲಸದಲ್ಲೇ ಹಸಿದು ಸತ್ತಿದ್ದ. ಉಳಿದವಳು ಯಾಲಾ, ಮರಳುಗಾಡಿನಲ್ಲೇ ಹುಟ್ಟಿದ ಪುಟ್ಟ ಹುಡುಗಿ. ಅಬೀಯಾ ಕಾಳು ಆಯುವಾಗೆಲ್ಲ ನಾಳೆ ಬೀಳದಿದ್ದರೆ ಅಂತ ಹೆದರುತ್ತಿದ್ದಳು.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೇ?" ಅಂದರು ನೆರೆಯವರು.

"ನನ್ನ ಮಗನಿಗೆ ಹುಲ್ಲೂ ಸಿಗಲಿಲ್ಲ" ಅಂದಳು ಅಬೀಯಾ.

ಹೊಟ್ಟೆ ತುಂಬಿದವರು ಗಾದೆ ಹೇಳುವುದು ಸುಲಭ ಬಿಡಿ. ಅವಳು ತನ್ನ ಪಾಲಿನಲ್ಲಿ ಒಂದು ರೊಟ್ಟಿ ಉಳಿಸಿ, ಮಡಕೆಗೆ ಹಾಕಿ, ಗುಡಾರದ ಮೂಲೆಯಲ್ಲಿ ಮರಳಿನೊಳಗೆ ಹೂತಿಟ್ಟಳು.

ಬೆಳಿಗ್ಗೆ ಅವಳು ಕಾಳು ಆಯಲು ಹೋದಾಗ ಯಾಲಾ ಮಡಕೆ ತೆಗೆದು ರೊಟ್ಟಿ ಮುರಿದು ತಿಂದಿತು. ತಾಯಿ ಬಂದು ನೋಡುತ್ತಾಳೆ, ಮಡಕೆಯಲ್ಲಿ ರೊಟ್ಟಿ ಇಲ್ಲ. ಕಪ್ಪು ಕೆಸರು. ಅದರಲ್ಲಿ ಹುಲ್ಲಿನ ಚೂರು. ಐಗುಪ್ತದ ಇಟ್ಟಿಗೆ ಮಣ್ಣು! ಮಗುವಿನ ಬಾಯಿ ತುಂಬ ಅದೇ ಮಣ್ಣು.

ಯಾಲಾ ಎದ್ದು ನಿಂತು ತುಳಿಯತೊಡಗಿತು. ಎಡಗಾಲು, ಬಲಗಾಲು. ಎಡಗಾಲು, ಬಲಗಾಲು. ಕೆಸರನ್ನೇ ಕಾಣದ ಮಗು, ಹುಟ್ಟಿದ್ದೇ ಅದಕ್ಕೇನೋ ಎಂಬಂತೆ ಒಣ ಮರಳು ತುಳಿಯಿತಂತೆ. ಆ ಪುಟ್ಟ ಕಾಲಡಿಯಲ್ಲಿ ಮರಳು ಒದ್ದೆಯಾಗುತ್ತಿತ್ತು. ಅಂಗೈಯಲ್ಲಿ ಅದನ್ನು ಒತ್ತಿ ಒತ್ತಿ ಇಟ್ಟಿಗೆ ಮಾಡಿ ಸಾಲಾಗಿ ಇಟ್ಟಿತು. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಇಟ್ಟಿಗೆಯ ಸಾಲು ಗುಡಾರ ದಾಟಿ, ಊರು ನಡೆದು ಬಂದ ದಾರಿಯ ಕಡೆಗೇ ಬೆಳೆಯಿತು, ಐಗುಪ್ತದ ಕಡೆಗೆ.

ಅಬೀಯಾ ಊರ ಹಿರಿಯ ಎಲ್ಯಾದನ ಹತ್ತಿರ ಓಡಿದಳು.

"ಅಜ್ಜಾ, ತಪ್ಪು ನನ್ನದು. ನಿಮ್ಮ ದೇವರು ಮಗೂನ ಯಾಕೆ ಹಿಡಿದ?"

"ದೇವರು ಹಿಡಿದಿಲ್ಲ ತಾಯಿ, ಹಿಡಿದಿದ್ದ ಕೈ ಒಂಚೂರು ಸಡಿಲಿಸಿದ್ದಾನೆ. ಅಲ್ಲಿಯ ಹಸಿವಿಗೆ ಹೆದರಿ ಬಚ್ಚಿಟ್ಟ ರೊಟ್ಟಿ ಐಗುಪ್ತದ ಪಾಲು. ಅದನ್ನ ಕೇಳೋಕೆ ಅಲ್ಲಿಯವರು ಬಂದೇ ಬರ್ತಾರೆ. ಬಂದವರಿಗೆ ಕೊಟ್ಟು ಕಳಿಸು. ಇಲ್ಲದಿದ್ರೆ ಮಗು ಅವರ ಹಿಂದೆ ಹೊರಟುಹೋಗುತ್ತೆ."

ಹೊತ್ತು ಮುಳುಗುವಾಗ ಗುಡಾರದ ಬಾಗಿಲಲ್ಲಿ ಒಬ್ಬ ನಿಂತಿದ್ದನಂತೆ. ಹನಿ ನೀರಿಲ್ಲದ ಆ ಮರಳುಗಾಡಿನಲ್ಲಿ ಅವನ ಬಟ್ಟೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿನಲ್ಲಿ ಕಡಲ ಪಾಚಿ. ಅಬೀಯಾ ಗುರುತು ಹಿಡಿದಳು. ಅವನು ಇಟ್ಟಿಗೆ ಕೆಲಸದ ಮೇಸ್ತ್ರಿ. ಅವಳ ಮಗನಿಗೆ ಕೂಳು ಕೊಡದೆ ದುಡಿಸಿದವನು. ಬದುಕಿದ್ದಾಗ "ಏ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ, ಈಗ "ತಾಯಿ" ಅಂದ.

"ತಾಯಿ, ಹಸಿವು."

ಅವಳು ಮಡಕೆಯನ್ನೇ ಅವನ ಮುಂದೆ ಕುಕ್ಕಿದಳು.

"ಮಣ್ಣು ಬೇಡ. ಕಡಲ ತಳದಲ್ಲಿ ತಿನ್ನೋದು ಅದನ್ನೇ."

ಗುಡಾರದಲ್ಲಿ ಇದ್ದದ್ದು ಅವತ್ತಿನ ಒಂದೇ ರೊಟ್ಟಿ. ಕೊಟ್ಟರೆ ನಾಳೆಗಿರಲಿ, ರಾತ್ರಿಗೂ ಇಲ್ಲ. ಅಬೀಯಾಗೆ ಸಿಟ್ಟು ನೆತ್ತಿಗೇರಿತು.

"ನನ್ನ ಮಗ ಹಸಿದು ಸಾಯುವಾಗ ಎಲ್ಲಿದ್ದೆಯೋ?"

"ಎದುರಿಗೇ ಇದ್ದೆ ತಾಯಿ. ನೋಡ್ತಾ ಇದ್ದೆ."

ಅವಳು ಒಲೆಯ ಕೊಳ್ಳಿ ಎತ್ತಿದಳು. ಹಿಂದಿನಿಂದ ಸದ್ದು ಬರುತ್ತಲೇ ಇತ್ತು, ಎಡಗಾಲು, ಬಲಗಾಲು. ಆಮೇಲೆ ಸದ್ದು ನಿಂತಿತು. ಯಾಲಾ ಬಂದು ಸತ್ತವನ ಒದ್ದೆ ಕೈ ಹಿಡಿದುಕೊಂಡಿತ್ತು.

ಅಬೀಯಾ ಕೊಳ್ಳಿ ಬಿಸಾಕಿದಳು. ಅಳುತ್ತಲೇ ರೊಟ್ಟಿ ತಂದಳು. ಅರ್ಧ ಮುರಿಯಲೇ ಅಂತ ಒಂದು ಗಳಿಗೆ ಅನ್ನಿಸಿತಂತೆ, ತಾಯಿಯಲ್ಲವೇ! ಮುರಿಯಲಿಲ್ಲ, ಇಡಿಯಾಗಿ ಕೊಟ್ಟಳು.

"ತಿನ್ನು. ತಿಂದು ಹೋಗು."

ಅವನು ನಿಂತಲ್ಲೇ ತಿಂದ. ತಿನ್ನುತ್ತ ತಿನ್ನುತ್ತ ಬಟ್ಟೆ ಒಣಗಿತು, ಮೈ ತೆಳುವಾಯಿತು, ಮರಳಿನ ಜೊತೆ ಮರಳಾಗಿ ಗಾಳಿಗೆ ಹಾರಿಹೋದ. ಇಟ್ಟಿಗೆ ಸಾಲೂ ಉದುರಿತು. ಯಾಲಾ ಕಣ್ಣುಜ್ಜಿಕೊಂಡು ತಾಯಿಯ ಮುಖ ನೋಡಿತು.

"ಅವ್ವಾ, ಹೊಟ್ಟೆ ಹಸೀತಿದೆ."

ಗುಡಾರದಲ್ಲಿ ಒಂದು ಚೂರೂ ಇರಲಿಲ್ಲ. ಅಬೀಯಾ ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ಬೆಳಗಾದರೆ ಬೀಳುತ್ತೆ ಮಗಳೇ" ಅಂದಳು. ಐಗುಪ್ತ ಬಿಟ್ಟು ಎಷ್ಟು ವರ್ಷವಾದರೂ ಆ ಹೆಂಗಸು ಐಗುಪ್ತದಿಂದ ನಿಜಕ್ಕೂ ಹೊರಗೆ ಬಂದದ್ದು ಆ ಸಂಜೆಯೇ ಅಂತೆ.

ಬೆಳಗಾಯಿತು. ಬಿತ್ತು. ಕಟ್ಟಳೆ ಮೀರಿದವಳ ಬಾಗಿಲಿಗೂ ಎಲ್ಲರ ಬಾಗಿಲಿನಷ್ಟೇ ಬಿತ್ತು.

ಅವರ ಊರು ಗುಡಾರ ಕಿತ್ತುಕೊಂಡು ಮುಂದೆ ನಡೆಯಿತು, ನಮ್ಮ ಕಥೆ ಇಲ್ಲೇ ಕಾಲು ಚಾಚಿ ಮಲಗಿತು.